ಯಾವ ಕಂಪೈಲರ್ ಕೆಲಸ ಮಾಡ್ತಿದೆ ಅಂತ ಮೊದಲು ಕೇಳಿ

ಮಾತು ಶುರು ಮಾಡುವ ಮೊದಲು ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದೆ. ಲಿನಕ್ಸ್ ಸಿಸ್ಟಮ್ ಒಂದನ್ನು ಪೂರ್ತಿಯಾಗಿ ಸೋರ್ಸ್ ಕೋಡ್‌ನಿಂದ ಕಟ್ಟಲು ಹೋಗಿ, ‘ಸಿ ಕಂಪೈಲರ್ ಕ್ಯಾನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್’ (ಓಡುವ ಪ್ರೋಗ್ರಾಮ್ ಮಾಡಲು ಸಿ ಕಂಪೈಲರ್‌ಗೆ ಆಗುತ್ತಿಲ್ಲ) ಅನ್ನುವ ಸಾಲು ನೋಡಿ ಅಲ್ಲಿಗೇ ಕೈಬಿಟ್ಟವರು ಎಷ್ಟು ಜನ? ಸುಮಾರು ಕೈಗಳು ಮೇಲೆದ್ದವು. ಆ ಕೈಗಳಿಗಾಗಿಯೇ ಈ ಮಾತು. ಅವತ್ತು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಆ ಸಾಲು ತಪ್ಪನ್ನೆಲ್ಲ ಕಂಪೈಲರ್ ಮೇಲೆ, ಅಂದರೆ ಸೋರ್ಸ್ ಕೋಡನ್ನು ಯಂತ್ರದ ಭಾಷೆಗೆ ತರುವ ಸಾಧನದ ಮೇಲೆ, ಹೊರಿಸುತ್ತದೆ. ಆದರೆ ಕಂಪೈಲರೇ ಕೆಟ್ಟಿದ್ದನ್ನು ನಾನು ಕಂಡಿದ್ದು ತೀರಾ ಕಡಿಮೆ. ಜಾಸ್ತಿ ಸಲ ಆಗುವುದು ಬೇರೆ. ಒಂದು ಕಂಪೈಲರ್ ಓಡುತ್ತಿದೆ ಅಂದುಕೊಂಡಿರುತ್ತೇವೆ, ನಿಜವಾಗಿ ಓಡುತ್ತಿರುವುದು ಇನ್ನೊಂದು. ಇಲ್ಲವೇ ಕಂಪೈಲರ್ ಸರಿಯಾದದ್ದೇ, ಅದು ಕರೆದ ಲಿಂಕರ್ (ತುಂಡುಗಳನ್ನು ಒಂದು ಪ್ರೋಗ್ರಾಮ್ ಆಗಿ ಜೋಡಿಸುವುದು) ಬೇರೆ. ಇಲ್ಲವೇ ಲಿಂಕರ್ ಕೂಡ ಸರಿ, ಅದರ ಕೈಗೆ ಸಿಕ್ಕ ಲೈಬ್ರರಿ ಹಳೇ ಸಿಸ್ಟಮ್‌ನದು. ಮೂರರಲ್ಲಿ ಯಾವುದು ಅಂತ ಊಹೆ ಮಾಡುತ್ತಾ ಕೂತರೆ ಒಂದು ವಾರ ಹೋಗುತ್ತದೆ. ಕಂಪೈಲರನ್ನೇ ಕೇಳಿದರೆ ಎರಡು ನಿಮಿಷ.

ಲಿನಕ್ಸ್‌ನಲ್ಲಿ ನಾವು ಬಳಸುವ ಕಂಪೈಲರ್ ಜಿಸಿಸಿ ಅಂದರೆ ಒಂದೇ ಪ್ರೋಗ್ರಾಮ್ ಅಲ್ಲ. ನಾವು ಟರ್ಮಿನಲ್‌ನಲ್ಲಿ ಕರೆಯುವ ‘ಜಿಸಿಸಿ’ ಬರೀ ಮೇಸ್ತ್ರಿ. ಕೆಲಸ ಮಾಡುವ ಆಳುಗಳು ಬೇರೆ. ಸಿ ಕೋಡನ್ನು ಅಸೆಂಬ್ಲಿಗೆ ಇಳಿಸುವುದು ‘ಸಿಸಿ1’. ಸಿ++ ಆದರೆ ‘ಸಿಸಿ1ಪ್ಲಸ್’. ಅಸೆಂಬ್ಲಿಯನ್ನು ಆಬ್ಜೆಕ್ಟ್ ಫೈಲ್ ಮಾಡುವುದು ‘ಎಎಸ್’ ಅನ್ನುವ ಅಸೆಂಬ್ಲರ್. ಆಮೇಲೆ ‘ಕಲೆಕ್ಟ್2’ ಬಂದು ‘ಎಲ್‌ಡಿ’ ಅನ್ನುವ ಲಿಂಕರನ್ನು ಕರೆಯುತ್ತದೆ. ಲಿಂಕರ್ ಈ ಆಬ್ಜೆಕ್ಟ್ ಫೈಲ್ ಜೊತೆಗೆ ಸಿಆರ್‌ಟಿ1.ಒ, ಸಿಆರ್‌ಟಿಐ.ಒ ಅನ್ನುವ ಶುರುವಿನ ತುಂಡುಗಳನ್ನೂ, ಸಿ ಲೈಬ್ರರಿಯನ್ನೂ, ಜಿಸಿಸಿಯ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿಯನ್ನೂ ಸೇರಿಸಿ ಹೊಲಿಯುತ್ತದೆ. ಸಿಸಿ1 ಜಿಸಿಸಿ ಪ್ಯಾಕೇಜಿನದು. ಅಸೆಂಬ್ಲರ್ ಮತ್ತು ಲಿಂಕರ್ ಬಿನ್‌ಯುಟಿಲ್ಸ್‌ನವು. ಸಿಆರ್‌ಟಿ1.ಒ ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿಯದು. ಮೂರು ಬೇರೆ ಬೇರೆ ಪ್ಯಾಕೇಜಿನ ಜನ ಒಂದೇ ಕಡೆ ಸೇರಬೇಕು. ಒಬ್ಬರು ಬರದಿದ್ದರೂ, ಬೇರೆ ಮನೆಯವರು ಬಂದು ಕೂತರೂ, ಕೊನೆಗೆ ಕಾಣುವುದು ಅದೇ ಒಂದು ಸಾಲು.

ಆ ಸಾಲು ಬರುವುದು ಹೇಗೆ ಅಂತ ಹತ್ತಿರದಿಂದ ನೋಡೋಣ. ಕಟ್ಟುವ ಮೊದಲು ಸಿಸ್ಟಮ್‌ನಲ್ಲಿ ಏನೇನಿದೆ ಅಂತ ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಶುರುವಿನಲ್ಲೇ ‘ಕಾನ್ಫ್‌ಟೆಸ್ಟ್.ಸಿ’ ಅಂತ ಒಂದು ಪುಟ್ಟ ಫೈಲ್ ಬರೆಯುತ್ತದೆ. ಒಳಗೆ ಒಂದು ಮೇನ್ ಫಂಕ್ಷನ್, ಅಷ್ಟೇ. ಅದನ್ನು ಕಂಪೈಲ್ ಮಾಡಿ ಒಂದು ಪ್ರೋಗ್ರಾಮ್ ಆಗುತ್ತದಾ ಅಂತ ನೋಡುತ್ತದೆ. ಆಗದಿದ್ದರೆ ಆ ಸಾಲನ್ನು ಹೇಳಿ, 77 ಅನ್ನುವ ಸ್ಥಿತಿ ಸಂಖ್ಯೆ ಕೊಟ್ಟು ನಿಂತುಬಿಡುತ್ತದೆ. ಅದಕ್ಕೆ ಕಾರಣ ಪರದೆಯ ಮೇಲೆ ಇರುವುದಿಲ್ಲ. ‘ಕಾನ್ಫಿಗ್.ಲಾಗ್’ ಅನ್ನುವ ಫೈಲಿನಲ್ಲಿ ಇರುತ್ತದೆ.

ಸಭೆಯಲ್ಲಿ ಇದನ್ನು ಹೇಳಿದ ತಕ್ಷಣ ಒಬ್ಬರು, ‘ಲಾಗ್ ತೆರೆದು ನೋಡಿದ್ದೇನೆ, ಏನೂ ಅರ್ಥ ಆಗಲಿಲ್ಲ’ ಅಂದರು. ಅವರ ಮಾತು ನಿಜ. ಆ ಫೈಲಿನಲ್ಲಿ ಎಲ್ಲಿ ನೋಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಸಾಮಾನ್ಯವಾಗಿ ಕೊನೆಗೆ ಹೋಗುತ್ತೇವೆ. ಕೊನೆಯಲ್ಲಿ ಇರುವುದು ವೇರಿಯಬಲ್‌ಗಳ ಉದ್ದನೆಯ ಪಟ್ಟಿ. ಅದರಿಂದ ಏನೂ ತಿಳಿಯುವುದಿಲ್ಲ. ಮೊದಲಿನಿಂದ ಓದಿದರೆ ಇನ್ನೊಂದು ಗೊಂದಲ. ಅಲ್ಲಿ ‘-ಕ್ಯೂವರ್ಷನ್’ ಅನ್ನುವ ಆಯ್ಕೆ ಗೊತ್ತಿಲ್ಲ ಅಂತ ಜಿಸಿಸಿ ಹೇಳಿದ ಎರರ್ ಕಾಣುತ್ತದೆ. ದೊಡ್ಡ ‘-ವಿ’ ಬಗ್ಗೆಯೂ ಹಾಗೇ. ತುಂಬಾ ಜನ ಇದನ್ನೇ ಹಿಡಿದುಕೊಂಡು ಹುಡುಕಾಡುತ್ತಾರೆ. ಅದು ತಪ್ಪೇ ಅಲ್ಲ. ಕಾನ್ಫಿಗರ್‌ಗೆ ತನ್ನ ಮುಂದಿರುವುದು ಯಾವ ಕಂಪೈಲರ್ ಅಂತ ಗೊತ್ತಿರುವುದಿಲ್ಲ. ಅದಕ್ಕೆ ಆವೃತ್ತಿ ಕೇಳುವ ನಾಲ್ಕೈದು ಬಗೆಯ ಪ್ರಶ್ನೆ ಹಾಕುತ್ತದೆ. ಜಿಸಿಸಿಗೆ ಗೊತ್ತಿಲ್ಲದ ಪ್ರಶ್ನೆಗೆ ಜಿಸಿಸಿ ಗೊತ್ತಿಲ್ಲ ಅನ್ನುತ್ತದೆ. ಎಲ್ಲವೂ ಸರಿ ಇರುವ ಸಿಸ್ಟಮ್‌ನಲ್ಲೂ ಈ ಸಾಲುಗಳು ಇದ್ದೇ ಇರುತ್ತವೆ.

ನೋಡಬೇಕಾದ ಜಾಗ ಇವೆರಡರ ನಡುವೆ ಇದೆ. ಪರದೆಯ ಮೇಲೆ ಬಂದ ಎರರ್ ಸಾಲನ್ನೇ ಲಾಗ್‌ನಲ್ಲಿ ಹುಡುಕಿ. ಅಲ್ಲಿಂದ ಮೇಲಕ್ಕೆ ಸರಿಯಿರಿ. ಇಪ್ಪತ್ತು ಮೂವತ್ತು ಸಾಲು ಮೇಲೆ, ಕಾನ್ಫಿಗರ್ ಓಡಿಸಿದ ಕಮಾಂಡ್ ಪೂರ್ತಿಯಾಗಿ ಇರುತ್ತದೆ. ಅದರ ಕೆಳಗೆ ನಿಜವಾದ ದೂರು ಇರುತ್ತದೆ. ‘ಎಲ್‌ಡಿ: ಕ್ಯಾನಾಟ್ ಫೈಂಡ್ ಸಿಆರ್‌ಟಿ1.ಒ’ ಅಂತ ಇದ್ದರೆ ಸಿ ಲೈಬ್ರರಿಯ ಜಾಗ ಸಿಕ್ಕಿಲ್ಲ. ‘ಕ್ಯಾನಾಟ್ ಫೈಂಡ್ -ಎಲ್‌ಜಿಸಿಸಿ_ಎಸ್’ ಅಂತ ಇದ್ದರೆ ಜಿಸಿಸಿಯ ಸ್ವಂತ ಹಂಚಿಕೆ (ಶೇರ್ಡ್) ಲೈಬ್ರರಿ ಇಲ್ಲ. ‘ಸಿಸಿ1’ ಸಿಗಲಿಲ್ಲ ಅಂತ ಇದ್ದರೆ ಮೇಸ್ತ್ರಿ ಇದ್ದಾನೆ, ಆಳು ಇಲ್ಲ. ಇನ್‌ಸ್ಟಾಲ್ ಅರ್ಧಕ್ಕೆ ನಿಂತಿರಬಹುದು.

ಜಿಸಿಸಿಯನ್ನೇ ಕಟ್ಟುವಾಗ ಇನ್ನೂ ಒಂದು ತೊಡಕು ಇದೆ. ಅಲ್ಲಿ ಕಾನ್ಫಿಗ್.ಲಾಗ್ ಒಂದಲ್ಲ, ಹತ್ತಾರು. ಪ್ರತಿ ಒಳ ಡೈರೆಕ್ಟರಿಗೂ ಒಂದೊಂದು. ಅರ್ಧ ಕಟ್ಟಿ ಮುಗಿದ ಮೇಲೆ ‘ಆಬ್ಜೆಕ್ಟ್ ಫೈಲುಗಳ ಕೊನೆಯಕ್ಷರ ಕಂಡುಹಿಡಿಯಲು ಆಗಲಿಲ್ಲ’ ಅನ್ನುವ ಅರ್ಥದ ಎರರ್ ಬಂತು ಅಂದುಕೊಳ್ಳಿ. ಕಾನ್ಫಿಗ್.ಲಾಗ್ ನೋಡಿ ಅಂತಲೂ ಅದೇ ಹೇಳುತ್ತದೆ. ನೀವು ಮೇಲಿನ ಡೈರೆಕ್ಟರಿಯ ಲಾಗ್ ತೆರೆಯುತ್ತೀರಿ. ಅಲ್ಲಿ ಎಲ್ಲಾ ಸರಿಯಾಗಿದೆ! ನೋಡಬೇಕಾದದ್ದು ಟಾರ್ಗೆಟ್ (ಯಾವ ಸಿಸ್ಟಮ್‌ಗಾಗಿ ಕಟ್ಟುತ್ತಿದ್ದೇವೋ ಅದು) ಹೆಸರಿನ ಡೈರೆಕ್ಟರಿಯ ಒಳಗೆ, ಲಿಬ್‌ಜಿಸಿಸಿ ಒಳಗಿರುವ ಲಾಗ್. ಯಾಕೆಂದರೆ ಆಗ ಕೆಲಸ ಮಾಡುತ್ತಿರುವುದು ನಿಮ್ಮ ಹಳೇ ಕಂಪೈಲರ್ ಅಲ್ಲ. ಈಗಷ್ಟೇ ಹುಟ್ಟಿದ ‘ಎಕ್ಸ್‌ಜಿಸಿಸಿ’ ಮೊದಲ ಸಲ ಕೈಯಾಡಿಸುತ್ತಿದೆ. ಅದಕ್ಕೆ ಹೊಸ ಅಸೆಂಬ್ಲರ್ ಸಿಕ್ಕಿರುವುದಿಲ್ಲ. ಇಲ್ಲವೇ ಜಿಸಿಸಿಗೆ ಬೇಕಾದ ಗಣಿತದ ಲೈಬ್ರರಿಗಳಾದ ಎಂಪಿಸಿ ಅಥವಾ ಎಂಪಿಎಫ್‌ಆರ್ ಓಡುವ ಹೊತ್ತಿಗೆ ಕಾಣೆಯಾಗಿರುತ್ತದೆ. ಆ ಲಾಗ್‌ನಲ್ಲಿ ಕಾರಣ ಒಂದೇ ಸಾಲಿನಲ್ಲಿ ಬರೆದಿರುತ್ತದೆ.

ಅಂದ ಹಾಗೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಮೂರನ್ನೂ ಜಿಸಿಸಿ ಸೋರ್ಸ್ ಒಳಗೇ ಬಿಚ್ಚಿಡುವುದು ಒಳ್ಳೆಯದು. ಡೈರೆಕ್ಟರಿ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಇರಬಾರದು, ಬರೀ ‘ಜಿಎಂಪಿ’ ಅಂತ ಇರಬೇಕು. ಮತ್ತೆ ಜಿಸಿಸಿಯನ್ನು ಸೋರ್ಸ್ ಡೈರೆಕ್ಟರಿಯ ಒಳಗೇ ನಿಂತು ಕಟ್ಟಬೇಡಿ. ಬೇರೆ ಒಂದು ಬಿಲ್ಡ್ ಡೈರೆಕ್ಟರಿ ಮಾಡಿಕೊಳ್ಳಿ.

ಕಟ್ಟುವ ಕೆಲಸಗಳನ್ನು ಒಂದೊಂದಾಗಿ ಓಡಿಸುವ ‘ಮೇಕ್’ ಕೊಡುವ ಎರರ್‌ಗಳ ಬಗ್ಗೆ ಒಂದು ಮಾತು. ಸಹಾಯ ಕೇಳುವವರು ನನಗೆ ಕಳಿಸುವುದು ಯಾವಾಗಲೂ ಕೊನೆಯ ಐದು ಸಾಲು. ಅದರಲ್ಲಿ ‘ಎರರ್ 2’ ಅಂತ ಇರುತ್ತದೆ. ಎರರ್ 2 ಅಂದರೆ ಒಳಗಿನ ಮೇಕ್ ಒಂದು ಸೋತಿತು ಅಂತ ಹೊರಗಿನ ಮೇಕ್ ಹೇಳುತ್ತಿದೆ, ಅಷ್ಟೇ. ನಿಜವಾದ ಎರರ್ ಮೇಲೆಲ್ಲೋ ಇದೆ. ಎಂಟು ಕೆಲಸ ಒಟ್ಟಿಗೆ ಓಡುತ್ತಿದ್ದರೆ, ಒಂದು ಸೋತ ಮೇಲೂ ಉಳಿದ ಏಳು ತಮ್ಮ ಪಾಡಿಗೆ ಸಾಲುಗಳನ್ನು ಸುರಿಯುತ್ತಾ ಇರುತ್ತವೆ. ಆಗ ಮೇಕನ್ನು ‘-ಜೆ1’ ಕೊಟ್ಟು ಮತ್ತೆ ಓಡಿಸಿ. ಒಂದೊಂದೇ ಕೆಲಸ ನಡೆದು, ಸೋತ ಜಾಗದಲ್ಲೇ ನಿಲ್ಲುತ್ತದೆ. ಎಲ್ಲವನ್ನೂ ‘ಟೀ’ ಮೂಲಕ ಒಂದು ಫೈಲಿಗೆ ಬರೆಸುವ ಅಭ್ಯಾಸ ಇದ್ದರೆ ಒಳ್ಳೆಯದು. ಆದರೆ ಪೈಪ್ ಹಾಕಿದಾಗ ಮೇಕ್ ಸೋತರೂ ಟೀ ಗೆದ್ದಿದ್ದರೆ, ನಮ್ಮ ಕಮಾಂಡುಗಳನ್ನು ಓಡಿಸುವ ಬ್ಯಾಷ್ ಶೆಲ್ ಗೆಲುವು ಅಂತಲೇ ಹೇಳುತ್ತದೆ. ಸ್ಕ್ರಿಪ್ಟ್ ಬರೆಯುವವರು ‘ಪೈಪ್‌ಫೇಲ್’ ಹಾಕಿಕೊಳ್ಳಲೇಬೇಕು. ಇಲ್ಲದಿದ್ದರೆ ಸೋತ ಬಿನ್‌ಯುಟಿಲ್ಸ್ ಮೇಲೆ ಜಿಸಿಸಿ ಕಟ್ಟಲು ಹೊರಡುತ್ತೀರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಂಪೈಲರನ್ನು ಏನು ಕೇಳಬೇಕು?

ಮೊದಲನೆಯದು ಬ್ಯಾಷನ್ನು ಕೇಳುವ ಪ್ರಶ್ನೆ: ‘ಟೈಪ್ ಜಿಸಿಸಿ’. ಯಾವ ಡೈರೆಕ್ಟರಿಯ ಜಿಸಿಸಿ ಓಡುತ್ತದೆ ಅಂತ ಹೇಳುತ್ತದೆ. ಇಲ್ಲಿ ಬ್ಯಾಷ್‌ನ ಒಂದು ಗುಣ ಗೊತ್ತಿರಲಿ. ಒಮ್ಮೆ ಒಂದು ಪ್ರೋಗ್ರಾಮ್ ಸಿಕ್ಕ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಪಾತ್‌ನಲ್ಲಿ ಬರೆದಿರುವ ಡೈರೆಕ್ಟರಿಗಳನ್ನು ಹುಡುಕುವುದೇ ಇಲ್ಲ. ದಿನನಿತ್ಯ ಇದು ಅನುಕೂಲ. ಆದರೆ ನಾವು ಇಲ್ಲಿ ನಿಮಿಷ ನಿಮಿಷಕ್ಕೂ ಹೊಸ ಸಾಧನ ಹುಟ್ಟಿಸುತ್ತಿದ್ದೇವೆ. ಹೊಸ ಲಿಂಕರ್ ಬಂದು ಕೂತಿದ್ದರೂ ಬ್ಯಾಷ್ ಹಳೆಯದನ್ನೇ ಕರೆಯುತ್ತಿರುತ್ತದೆ. ‘ಸೆಟ್ +ಎಚ್’ ಕೊಟ್ಟು ಈ ನೆನಪನ್ನು ಆರಿಸಿಡಿ. ಕೈಪಿಡಿಗಳಲ್ಲಿ ಈ ಸಾಲು ಇರುತ್ತದೆ, ಯಾಕೆ ಅಂತ ಗೊತ್ತಿಲ್ಲದೆ ದಾಟಿ ಹೋಗುತ್ತೇವೆ.

ಎರಡನೆಯದು ‘-ಪ್ರಿಂಟ್-ಪ್ರಾಗ್-ನೇಮ್=ಎಲ್‌ಡಿ’. ನೀನು ಕರೆಯುವ ಲಿಂಕರ್ ಯಾವುದು ಅಂತ ಜಿಸಿಸಿಯನ್ನು ಕೇಳುವುದು. ಎಲ್‌ಡಿ ಜಾಗದಲ್ಲಿ ಎಎಸ್ ಅಂತ ಹಾಕಿದರೆ ಅಸೆಂಬ್ಲರ್ ಬಗ್ಗೆ ಹೇಳುತ್ತದೆ. ಉತ್ತರದಲ್ಲಿ ಹೊಸ ಸಾಧನಗಳನ್ನು ಇಟ್ಟ ನಿಮ್ಮ ಟೂಲ್ಸ್ ಡೈರೆಕ್ಟರಿ ಇರಬೇಕು. ಹೋಸ್ಟ್, ಅಂದರೆ ನೀವು ಕೂತು ಕಟ್ಟುತ್ತಿರುವ ಹಳೇ ಸಿಸ್ಟಮ್‌ನ /ಯುಎಸ್‌ಆರ್/ಬಿನ್ ಇದ್ದರೆ ಅಲ್ಲಿಗೇ ನಿಲ್ಲಿ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು: ‘-ಪ್ರಿಂಟ್-ಫೈಲ್-ನೇಮ್=ಸಿಆರ್‌ಟಿ1.ಒ’. ಆ ಫೈಲ್ ಸಿಕ್ಕಿದ್ದರೆ ಪೂರ್ತಿ ದಾರಿ ತೋರಿಸುತ್ತದೆ. ಸಿಗದಿದ್ದರೆ ಎರರ್ ಏನೂ ಕೊಡುವುದಿಲ್ಲ. ನೀವು ಕೇಳಿದ ಹೆಸರನ್ನೇ ಹಾಗೇ ವಾಪಸ್ ಹೇಳುತ್ತದೆ. ಬರೀ ‘ಸಿಆರ್‌ಟಿ1.ಒ’ ಅಂತ ಉತ್ತರ ಬಂತು ಅಂದರೆ ಅದಕ್ಕೆ ಆ ಫೈಲ್ ಗೊತ್ತೇ ಇಲ್ಲ ಅಂತ ಅರ್ಥ. ಗೊತ್ತಿಲ್ಲದವರು ಇದನ್ನು ‘ಸಿಕ್ಕಿದೆ’ ಅಂತ ಓದಿಕೊಳ್ಳುತ್ತಾರೆ.

ಇಷ್ಟೆಲ್ಲ ಗೊಂದಲ ಯಾಕೆ ಬರುತ್ತದೆ? ಇಲ್ಲೊಂದು ಸುತ್ತು ಇದೆ. ಪೂರ್ತಿ ಕಂಪೈಲರ್ ಬೇಕಾದರೆ ಸಿ ಲೈಬ್ರರಿ ಬೇಕು. ಸಿ ಲೈಬ್ರರಿ ಕಟ್ಟಬೇಕಾದರೆ ಕಂಪೈಲರ್ ಬೇಕು. ಈ ಸುತ್ತನ್ನು ಬಿಡಿಸುವುದಕ್ಕೇ ಮೊದಲ ಸುತ್ತಿನ ಜಿಸಿಸಿಯನ್ನು ಅರೆಬರೆಯಾಗಿ ಕಟ್ಟುತ್ತೇವೆ. ಅದಕ್ಕೆ ಸಿ ಲೈಬ್ರರಿಯ ಹೆಡರ್ (ಫಂಕ್ಷನ್‌ಗಳ ವಿವರ ಇರುವ ಫೈಲು) ಇಲ್ಲ, ಥ್ರೆಡ್ ಇಲ್ಲ, ಹಂಚಿಕೆ ಲೈಬ್ರರಿ ಇಲ್ಲ. ಆಮೇಲೆ ಕರ್ನಲ್ ಹೆಡರ್, ಅದರ ಮೇಲೆ ಜಿಲಿಬ್‌ಸಿ, ಅದಾದ ಮೇಲೆ ಸಿ++ ಲೈಬ್ರರಿ. ಎರಡನೇ ಸುತ್ತಿನಲ್ಲಿ ಪೂರ್ತಿ ಜಿಸಿಸಿ. ಹೊಸ ಕಂಪೈಲರ್ ಹೋಸ್ಟ್‌ನಿಂದ ಏನನ್ನೂ ಸಾಲ ತರಬಾರದು. ಅದಕ್ಕೊಂದು ಜಾಣತನದ ಉಪಾಯ ಇದೆ. ಹೋಸ್ಟ್‌ನ ಹೆಸರು ‘ಎಕ್ಸ್86_64-ಪಿಸಿ-ಲಿನಕ್ಸ್-ಗ್ನೂ’ ಅಂತ ಇದ್ದರೆ, ಟಾರ್ಗೆಟ್ ಹೆಸರಿನಲ್ಲಿ ‘ಪಿಸಿ’ ಜಾಗಕ್ಕೆ ಬೇರೆ ಒಂದು ಪದ ಹಾಕುತ್ತೇವೆ. ಯಂತ್ರ ಅದೇ, ಪ್ರೊಸೆಸರ್ ಅದೇ. ಹೆಸರು ಬೇರೆ ಆದ್ದರಿಂದ ಕಾನ್ಫಿಗರ್ ಇದನ್ನು ಬೇರೆ ಯಂತ್ರ ಅಂತ ತಿಳಿದು, ಹೋಸ್ಟ್‌ನ ಹೆಡರ್ ಲೈಬ್ರರಿಗಳನ್ನು ಮುಟ್ಟದೆ ಇರುತ್ತದೆ. ಟಾರ್ಗೆಟ್ ಹೆಸರನ್ನು ಇಟ್ಟ ವೇರಿಯಬಲ್ ಖಾಲಿ ಇದ್ದರೆ ಅಥವಾ ಅದರಲ್ಲಿ ಹೋಸ್ಟ್‌ನ ಹೆಸರೇ ಇದ್ದರೆ, ಈ ಬೇಲಿ ಬೀಳುತ್ತದೆ. ಎರರ್ ಬರುವುದಿಲ್ಲ. ಎಲ್ಲಾ ಸಲೀಸಾಗಿ ಕಟ್ಟುತ್ತದೆ. ಎಷ್ಟೋ ಪ್ಯಾಕೇಜ್ ದಾಟಿದ ಮೇಲೆ ಎಲ್ಲೋ ಸಂಬಂಧವೇ ಇಲ್ಲದ ಜಾಗದಲ್ಲಿ ಒಡೆಯುತ್ತದೆ.

ಅರೆಬರೆ ಕಂಪೈಲರ್‌ನಿಂದ ಉಳಿಯುವ ಇನ್ನೊಂದು ತೊಂದರೆ ಲಿಮಿಟ್ಸ್.ಎಚ್ ಅನ್ನುವ ಹೆಡರ್. ಜಿಸಿಸಿ ತನ್ನದೇ ಒಂದು ಲಿಮಿಟ್ಸ್.ಎಚ್ ಇಟ್ಟುಕೊಳ್ಳುತ್ತದೆ. ಮೊದಲ ಸುತ್ತಿನಲ್ಲಿ ಸಿಸ್ಟಮ್‌ನ ಹೆಡರ್ ಇನ್ನೂ ಇರದ ಕಾರಣ ಅರ್ಧ ಮಾತ್ರ ಬರೆಯುತ್ತದೆ. ಜಿಲಿಬ್‌ಸಿ ಕಟ್ಟಲು ಅಷ್ಟು ಸಾಕು. ಮುಂದಿನ ಪ್ಯಾಕೇಜುಗಳಿಗೆ ಸಾಲದು. ಅದಕ್ಕಾಗಿ ಸೋರ್ಸ್‌ನಲ್ಲಿರುವ ಮೂರು ತುಂಡು ಫೈಲುಗಳನ್ನು ಜೋಡಿಸಿ ಪೂರ್ತಿ ಹೆಡರ್ ಮಾಡುವ ಒಂದು ಕಮಾಂಡ್ ಇದೆ. ಅದನ್ನು ಮರೆತವರಿಗೆ ಆಮೇಲೆ ‘ಪಾತ್_ಮ್ಯಾಕ್ಸ್’ ಗೊತ್ತಿಲ್ಲ ಅನ್ನುವ ತರದ ಎರರ್ ಬಂದು, ಯಾವ ಪ್ಯಾಕೇಜ್‌ನಲ್ಲಿ ನಿಂತಿತೋ ಅದನ್ನೇ ಬೈಯುತ್ತಾ ಕೂರುತ್ತಾರೆ.

ಜಿಲಿಬ್‌ಸಿ ಹಾಕಿದ ತಕ್ಷಣ ಒಂದು ಪರೀಕ್ಷೆ ಮಾಡಲೇಬೇಕು. ಏನೂ ಮಾಡದ ಒಂದು ಮೇನ್ ಫಂಕ್ಷನ್ ಬರೆದು ಹೊಸ ಕಂಪೈಲರ್‌ನಲ್ಲಿ ಕಂಪೈಲ್ ಮಾಡಿ. ಬಂದ ಫೈಲನ್ನು ‘ರೀಡ್‌ಎಲ್ಫ್ -ಎಲ್’ ಕೊಟ್ಟು ನೋಡಿ. ಅದರಲ್ಲಿ ಪ್ರೋಗ್ರಾಮ್ ಇಂಟರ್‌ಪ್ರಿಟರ್ (ಪ್ರೋಗ್ರಾಮ್ ಶುರುವಾಗುವಾಗ ಅದರ ಲೈಬ್ರರಿಗಳನ್ನು ತಂದು ಜೋಡಿಸುವುದು) ಅನ್ನುವ ಸಾಲು ಇರುತ್ತದೆ. 64 ಬಿಟ್ ಪಿಸಿಯಲ್ಲಿ ಅದು ‘/ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಒ.2’ ಅಂತ ಇರಬೇಕು. ಸಾಲೇ ಬರಲಿಲ್ಲ ಅಂದರೆ, ಅಥವಾ ದಾರಿ ಬೇರೆ ಇದ್ದರೆ, ಮುಂದೆ ಹೋಗಬೇಡಿ. ಆದರೆ ಈ ಒಂದು ಸಾಲು ಸರಿ ಬಂತು ಅಂತ ನೆಮ್ಮದಿಯಾಗಿ ಮಲಗುವ ಹಾಗೂ ಇಲ್ಲ. ಹೋಸ್ಟ್‌ನ ಪ್ರೋಗ್ರಾಮುಗಳಲ್ಲೂ ಇದೇ ದಾರಿ ಇರುತ್ತದೆ, ಅಲ್ವಾ? ಹಾಗಾಗಿ ಅದೇ ಪುಟ್ಟ ಪ್ರೋಗ್ರಾಮನ್ನು ಲಿಂಕರ್‌ಗೆ ‘ವರ್ಬೋಸ್’ ಹೇಳಿ ಮತ್ತೆ ಕಟ್ಟಿ. ಸಿಆರ್‌ಟಿ1.ಒ ಎಲ್ಲಿಂದ ಬಂತು, ಲಿಬ್‌ಸಿ ಎಲ್ಲಿಂದ ಬಂತು ಅಂತ ಎರಡು ಸಾಲು ಓದಿ. ಎರಡೂ ಹೊಸ ಸಿಸ್ಟಮ್‌ನ ಒಳಗಿಂದಲೇ ಬಂದಿರಬೇಕು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಜಿಲಿಬ್‌ಸಿಯ ಕಾನ್ಫಿಗರ್ ಒಂದು ದಿನ ‘ಎಲ್‌ಡಿ_ಲೈಬ್ರರಿ_ಪಾತ್‌ನಲ್ಲಿ ಈಗಿನ ಡೈರೆಕ್ಟರಿ ಇರಬಾರದು’ ಅಂತ ಹೇಳಿ ನಿಂತಿತು. ಲೈಬ್ರರಿಗಳನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಆ ವೇರಿಯಬಲ್ ನೋಡಿದೆ. ಒಂದೇ ಒಂದು ಡೈರೆಕ್ಟರಿಯ ಪೂರ್ತಿ ದಾರಿ ಇತ್ತು. ಚುಕ್ಕೆ ಎಲ್ಲೂ ಇರಲಿಲ್ಲ. ಎರಡು ಸಂಜೆ ಹೋಯಿತು. ಕೊನೆಗೆ ಕಂಡಿದ್ದು ದಾರಿಯ ತುದಿಯಲ್ಲಿದ್ದ ಒಂದು ಕೋಲನ್. ಎಂದೋ ಶುರುವಿನ ಫೈಲಿನಲ್ಲಿ ‘ಹೊಸ ದಾರಿ, ಕೋಲನ್, ಹಳೇ ದಾರಿ’ ಅಂತ ಬರೆದಿಟ್ಟಿದ್ದೆ. ಹಳೇ ದಾರಿ ಖಾಲಿ ಇತ್ತು. ಕೋಲನ್ ಮಾತ್ರ ಉಳಿಯಿತು. ಕೋಲನ್ ಆದಮೇಲೆ ಏನೂ ಇಲ್ಲ ಅಂದರೆ ಅದು ಈಗಿನ ಡೈರೆಕ್ಟರಿ ಅಂತಲೇ ಲೆಕ್ಕ. ಅವತ್ತಿನಿಂದ ‘ಎನ್ವ್ -ಐ’ ಕೊಟ್ಟು ಖಾಲಿ ಪರಿಸರದಲ್ಲಿ ಶುರು ಮಾಡದೆ ಏನನ್ನೂ ಕಟ್ಟಿಲ್ಲ. ಕಂಪೈಲರ್‌ಗೆ ಆಯ್ಕೆಗಳನ್ನು ಕೊಡುವ ಸಿಫ್ಲಾಗ್ಸ್ ವೇರಿಯಬಲ್ ಕೂಡ ಹೀಗೇ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ.

ಇನ್ನೊಂದು ಇದಕ್ಕಿಂತ ಭಯದ್ದು. ಹೊಸ ಸಿಸ್ಟಮ್ ಎಲ್ಲಿದೆ ಅಂತ ಹೇಳಲು ಒಂದು ವೇರಿಯಬಲ್ ಇಟ್ಟುಕೊಳ್ಳುತ್ತೇವೆ. ಯಂತ್ರ ಆರಿಸಿ ಮತ್ತೆ ಹಚ್ಚಿದ ಮೇಲೆ ಅದು ಖಾಲಿ. ಆಗ ‘ಹೊಸ ಸಿಸ್ಟಮ್‌ನ ಒಳಗಿನ /ಯುಎಸ್‌ಆರ್’ ಅನ್ನುವುದು ಸುಮ್ನೆ ‘/ಯುಎಸ್‌ಆರ್’ ಆಗಿಬಿಡುತ್ತದೆ. ಅಂದರೆ ನಿಮ್ಮ ಓಡುತ್ತಿರುವ ಸಿಸ್ಟಮ್. ನಾನು ಇನ್‌ಸ್ಟಾಲ್ ಕೊಟ್ಟಾಗ ಸಾಲು ಸಾಲು ‘ಪರ್ಮಿಷನ್ ಡಿನೈಡ್’ ಬಂತು. ಸಾಮಾನ್ಯ ಬಳಕೆದಾರನಾಗಿ ಕಟ್ಟುತ್ತಿದ್ದರಿಂದ ಉಳಿದುಕೊಂಡೆ. ಎಲ್ಲ ಅಧಿಕಾರ ಇರುವ ರೂಟ್ ಆಗಿದ್ದರೆ ಹೋಸ್ಟ್‌ನ ಸಿ ಲೈಬ್ರರಿಯ ಮೇಲೇ ಹೊಸದು ಬಂದು ಕೂರುತ್ತಿತ್ತು. ಕ್ರೂಟ್ ಮಾಡುವ ತನಕ, ಅಂದರೆ ಹೊಸ ಸಿಸ್ಟಮ್‌ನ ಡೈರೆಕ್ಟರಿಯನ್ನೇ ಬುಡ ಮಾಡಿಕೊಂಡು ಅದರ ಒಳಗೆ ಹೋಗುವ ತನಕ, ರೂಟ್ ಆಗಿ ಕಂಪೈಲ್ ಮಾಡಬೇಡಿ. ಇದು ನನ್ನ ಕಳಕಳಿಯ ವಿನಂತಿ.

ಹೋಸ್ಟ್‌ನ ತಪ್ಪುಗಳು ಬೇರೆ ಬಗೆಯವು. ಉಬುಂಟು 2006ರಿಂದ /ಬಿನ್/ಎಸ್‌ಎಚ್ ಅನ್ನು ಡ್ಯಾಷ್ ಅನ್ನುವ ಬೇರೆ ಶೆಲ್ ಕಡೆಗೆ ತಿರುಗಿಸಿದೆ. ಕಟ್ಟುವ ಸ್ಕ್ರಿಪ್ಟುಗಳಿಗೆ ಅಲ್ಲಿ ಬ್ಯಾಷ್ ಬೇಕು. ‘ಆಕ್’ ಅನ್ನುವ ಕಮಾಂಡ್ ಗಾಕ್ (ಗ್ನೂ ಆಕ್) ಆಗಿರಬೇಕು. 2013ರ ಜಿಸಿಸಿ 4.8ರಿಂದ ಈಚೆಗೆ ಜಿಸಿಸಿ ಕಟ್ಟಲು ಸಿ++ ಕಂಪೈಲರ್ ಬೇಕೇ ಬೇಕು, ಬರೀ ಸಿ ಸಾಲದು. ಇದನ್ನೆಲ್ಲ ಶುರು ಮಾಡುವ ಮೊದಲು ಹತ್ತು ನಿಮಿಷ ಕೂತು ನೋಡಿಕೊಳ್ಳಬಹುದು.

ಇತ್ತೀಚೆಗೆ ನನಗೆ ಜಾಸ್ತಿ ಬರುವ ಪ್ರಶ್ನೆ ಕಂಪೈಲರ್ ತೀರಾ ಹೊಸದಾಗಿರುವುದರಿಂದ ಹುಟ್ಟಿದ್ದು. 2020ರ ಜಿಸಿಸಿ 10 ಬಂದಾಗ, ಒಂದೇ ಗ್ಲೋಬಲ್ ವೇರಿಯಬಲ್ ಎರಡು ಫೈಲಿನಲ್ಲಿ ಇದ್ದರೆ ‘ಮಲ್ಟಿಪಲ್ ಡೆಫಿನಿಷನ್’ ಅಂತ ಲಿಂಕರ್ ನಿಲ್ಲಿಸತೊಡಗಿತು. 2024ರ ಜಿಸಿಸಿ 14, ಡಿಕ್ಲೇರ್ ಮಾಡದೆ ಕರೆದ ಫಂಕ್ಷನ್‌ಗೆ ಮೊದಲು ಎಚ್ಚರಿಕೆ ಕೊಡುತ್ತಿದ್ದದ್ದನ್ನು ಎರರ್ ಮಾಡಿತು. 2025ರ ಜಿಸಿಸಿ 15, ಸಿ ಭಾಷೆಯ ಹೊಸ ಮಾನಕ ಸಿ23 ಆಧಾರದ ಭಾಷೆಯನ್ನೇ ಮಾಮೂಲಿ ಮಾಡಿಕೊಂಡಿತು. ಅಲ್ಲಿ ‘ಬೂಲ್’ ಭಾಷೆಯದೇ ಪದ. ಹಳೇ ಕೋಡ್ ತಾನೇ ಒಂದು ಬೂಲ್ ಮಾಡಿಕೊಂಡಿದ್ದರೆ ಜಗಳ. ನಿಮ್ಮ ಕಂಪೈಲರ್ ಸರಿಯಾಗೇ ಇದೆ. ಆ ಒಂದು ಪ್ಯಾಕೇಜಿಗೆ ಮಾತ್ರ, ಬೂಲ್ ಜಗಳಕ್ಕೆ ‘-ಎಸ್‌ಟಿಡಿ=ಗ್ನೂ17’, ಮಲ್ಟಿಪಲ್ ಡೆಫಿನಿಷನ್‌ಗೆ ‘-ಎಫ್‌ಕಾಮನ್’ ಕೊಡಿ. ಎಲ್ಲಾ ಪ್ಯಾಕೇಜಿಗೂ ಸೇರಿಸಿ ಹಾಕಬೇಡಿ, ಮುಂದೆ ಬೇರೆಲ್ಲೋ ತಪ್ಪು ಮುಚ್ಚಿಹೋಗುತ್ತದೆ.

ಸಿಸಿ1ಪ್ಲಸ್ ‘ಕಿಲ್ಡ್’ ಅಂತ ಬಂದರೆ ರ‍್ಯಾಮ್ ಸಾಲುತ್ತಿಲ್ಲ. ಕೆಲಸಗಳ ಸಂಖ್ಯೆ ಇಳಿಸಿ. ‘ಇಂಟರ್ನಲ್ ಕಂಪೈಲರ್ ಎರರ್’ ಬಂದರೆ ಮತ್ತೆ ಓಡಿಸಿ ನೋಡಿ. ಅದೇ ಫೈಲಿನ ಅದೇ ಸಾಲಿನಲ್ಲಿ ಬಂದರೆ ಸಾಫ್ಟ್‌ವೇರ್ ತೊಂದರೆ. ಪ್ರತಿ ಸಲ ಜಾಗ ಬದಲಾದರೆ ರ‍್ಯಾಮ್ ಕೆಟ್ಟಿರಬಹುದು ಅಥವಾ ಯಂತ್ರ ಬಿಸಿಯಾಗುತ್ತಿರಬಹುದು. ಬೇಕಿಲ್ಲದಿದ್ದರೂ ‘ಆಕ್ಲೋಕಲ್’ ಅನ್ನುವ ಪ್ರೋಗ್ರಾಮ್ ಇಲ್ಲ ಅಂತ ಎರರ್ ಬಂದರೆ ಸೋರ್ಸನ್ನು ಕಾಪಿ ಮಾಡುವಾಗ ಫೈಲುಗಳ ಸಮಯ ಬದಲಾಗಿದೆ. ಟಾರ್ ಫೈಲಿನಿಂದ ಹೊಸದಾಗಿ ಬಿಚ್ಚಿಕೊಳ್ಳಿ.

ಒಬ್ಬರು ಕೇಳಿದರು: ತಪ್ಪು ಸಿಕ್ಕಿತು, ಈಗ ಮೊದಲಿನಿಂದ ಶುರು ಮಾಡಬೇಕಾ? ಬೇಡ. ಪರೀಕ್ಷೆ ಕೊನೆಯದಾಗಿ ಎಲ್ಲಿ ಸರಿ ಬಂದಿತ್ತೋ ಅಲ್ಲಿಗೆ ಹೋಗಿ. ಅದಾದ ಮೇಲೆ ಕಟ್ಟಿದ್ದನ್ನೆಲ್ಲ ಅಳಿಸಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಹೋಸ್ಟ್‌ನ ಸಿಆರ್‌ಟಿ1.ಒಗೆ ಒಂದು ಲಿಂಕ್ ಹಾಕಿ ಎರರ್ ಮುಚ್ಚಿಬಿಡುವುದು ಬೇಡ. ಆ ಎರರ್ ನಿಮಗೆ ಬೇಲಿ ಬಿದ್ದ ಜಾಗ ತೋರಿಸುತ್ತಿತ್ತು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಎಲ್ಲಾ ಮುಗಿಸಿ ಕ್ರೂಟ್ ಮಾಡಿ ಒಳಗೆ ಹೋದೆ, ಪ್ರಾಂಪ್ಟ್‌ನಲ್ಲಿ ‘ಐ ಹ್ಯಾವ್ ನೋ ನೇಮ್!’ ಅಂತ ಬಂತು, ಗಾಬರಿಯಾಗಿ ಎಲ್ಲಾ ಅಳಿಸಿಬಿಟ್ಟೆ ಅಂದರು. ಅದು ಎರರ್ ಅಲ್ಲ. ಬಳಕೆದಾರರ ಹೆಸರು ಇರುವ /ಇಟಿಸಿ/ಪಾಸ್‌ಡಬ್ಲ್ಯೂಡಿ ಫೈಲ್ ಇನ್ನೂ ಬರೆದಿಲ್ಲ, ಅದಕ್ಕೆ ಬ್ಯಾಷ್‌ಗೆ ನಿಮ್ಮ ಹೆಸರು ಸಿಕ್ಕಿಲ್ಲ. ಆ ಸಾಲನ್ನು ಬರೆದ ಬ್ಯಾಷ್ ಇದೆಯಲ್ಲ, ಅದು ನೀವೇ ಕಟ್ಟಿದ ಬ್ಯಾಷ್. ನೀವೇ ಕಟ್ಟಿದ ಕಂಪೈಲರ್‌ನಿಂದ ಬಂದದ್ದು, ನೀವೇ ಕಟ್ಟಿದ ಸಿ ಲೈಬ್ರರಿಯ ಮೇಲೆ ಓಡುತ್ತಿರುವುದು.